ಜಿಂಬ್ರಾದಿಂದ ಗೂಗಲ್ ವರ್ಕ್‌ಸ್ಪೇಸ್‌ಗೆ 70 ಮೇಲ್‌ಬಾಕ್ಸ್: ನನ್ನ ಅನುಭವ

ಕಾರ್ಖಾನೆಯ ಮೇಲನ್ನೆಲ್ಲ ಸ್ವಂತ ಸರ್ವರ್‌ನಿಂದ ಗೂಗಲ್‌ನ ಬಾಡಿಗೆ ಸೇವೆಗೆ ಸಾಗಿಸುವುದು ಎರಡು ದಿನ ಮೇಲ್ ನಿಲ್ಲಿಸದೆ ಆಗಲ್ಲ ಎಂದವರೇ ಹೆಚ್ಚು. ಒಂದು ಗಂಟೆಯೂ ನಿಲ್ಲಲಿಲ್ಲ. ಪೀಣ್ಯದ ಕಾರ್ಖಾನೆ, 70 ಮೇಲ್‌ಬಾಕ್ಸ್, ಹತ್ತಿರಹತ್ತಿರ 280 ಜಿಬಿ, ಲಿನಕ್ಸ್‌ನ ಸೆಂಟ್‌ಓಎಸ್ 7ರ ಮೇಲೆ ಜಿಂಬ್ರಾ 8.8.15 ಎಂಬ ಮೇಲ್ ಸರ್ವರ್ ತಂತ್ರಾಂಶ. ಜಿಂಬ್ರಾದ ಆ ಆವೃತ್ತಿಗೆ 2023ರ ಡಿಸೆಂಬರ್‌ನಲ್ಲಿ, ಸೆಂಟ್‌ಓಎಸ್ 7ಕ್ಕೆ 2024ರ ಜೂನ್‌ನಲ್ಲಿ ಬೆಂಬಲ ಮುಗಿದಿದ್ದರಿಂದ ಬಿಡುವುದು ಅನಿವಾರ್ಯವಾಯಿತು.

ಮೊದಲು ತಲೆ ಎಣಿಸಿ, ದುಡ್ಡು ಉಳಿಯುವುದು ಅಲ್ಲೇ. 70ರಲ್ಲಿ ಜೀವ ಇರುವ ಮನುಷ್ಯರದ್ದು 46 ಮಾತ್ರ. ಸೇಲ್ಸ್, ಪರ್ಚೇಸ್, ಇನ್ಫೋ ಇತ್ಯಾದಿಗಳನ್ನು ಗ್ರೂಪ್ ಮಾಡಿದೆ, ಬಂದ ಮೇಲ್ ಸದಸ್ಯರಿಗೆ ಹಂಚಿಹೋಗುತ್ತದೆ. ಅದಕ್ಕೆ ಲೈಸೆನ್ಸ್ ಬೇಡ. ಒಬ್ಬ ಬಳಕೆದಾರನಿಗೆ 30 ಅಲಿಯಾಸ್‌ವರೆಗೆ (ಅದೇ ಡಬ್ಬಿಗೆ ಬರುವ ಬೇರೆ ವಿಳಾಸ) ಪುಕ್ಕಟೆ. ಬಿಟ್ಟುಹೋದವರ ಡಬ್ಬಿಗಳನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಇಳಿಸಿದೆ, ಬೇಕಾದಾಗ ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ ತೆರೆದರಾಯಿತು. ನಮಗೆ ಸಿಕ್ಕ ದರ ತಲೆಗೆ ತಿಂಗಳಿಗೆ 160 ರೂಪಾಯಿಯ ಆಸುಪಾಸು. ಶೇ 18ರ ಜಿಎಸ್‌ಟಿ ಸೇರಿ ವರ್ಷಕ್ಕೆ ಒಂದು ಲಕ್ಷ ನಾಲ್ಕು ಸಾವಿರ. ಹಳೆಯದಕ್ಕೆ ಎಎಂಸಿ, ಯುಪಿಎಸ್ ಬ್ಯಾಟರಿ, ಸ್ಪ್ಯಾಮ್ ಫಿಲ್ಟರ್, ಸ್ಟ್ಯಾಟಿಕ್ ಐಪಿ ಎಲ್ಲ ಕೂಡಿ 1.7 ಲಕ್ಷದಷ್ಟು ಹೋಗುತ್ತಿತ್ತು.

ಮೇಲ್ ನಕಲು ಮಾಡಲು ಐಮ್ಯಾಪ್‌ಸಿಂಕ್: ಐಮ್ಯಾಪ್ ಎಂಬ ಮೇಲ್ ಓದುವ ವಿಧಾನದ ಮೂಲಕ ಒಂದು ಸರ್ವರ್‌ನ ಡಬ್ಬಿಯನ್ನು ಇನ್ನೊಂದಕ್ಕೆ ನಕಲಿಸುವ ತಂತ್ರಾಂಶ. ಜಿಂಬ್ರಾ ಕಡೆ ಅಡ್ಮಿನ್ ಲಾಗಿನ್, ಗೂಗಲ್ ಕಡೆ ಡೊಮೈನ್-ವೈಡ್ ಡೆಲಿಗೇಶನ್ (ಎಲ್ಲ ಬಳಕೆದಾರರ ಪರವಾಗಿ ಒಳಹೋಗುವ ಅಧಿಕಾರ) ಕೊಟ್ಟ ಸರ್ವಿಸ್ ಅಕೌಂಟ್. ಯಾರ ಪಾಸ್‌ವರ್ಡನ್ನೂ ಕೇಳಬೇಕಿಲ್ಲ. ಮೊದಲ ರಾತ್ರಿಯೇ ಎಡವಿದ್ದು ಜಿಮೇಲ್‌ನ ಮಿತಿಗೆ: ಐಮ್ಯಾಪ್ ಮೂಲಕ ಒಂದು ಖಾತೆಗೆ ದಿನಕ್ಕೆ 500 ಎಂಬಿ ಮಾತ್ರ ಏರಿಸಬಹುದು. ದಾಟಿದರೆ ಖಾತೆ ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಳ್ಳುತ್ತದೆ. ‘ಎಕ್ಸಿಟ್‌ವೆನ್‌ಓವರ್’ (ಇಷ್ಟು ಸಾಗಿಸಿದ ಮೇಲೆ ನಿಲ್ಲು) ಆಯ್ಕೆಯಲ್ಲಿ 450 ಎಂಬಿ ಇಟ್ಟು, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ಗೆ ದಿನಾ ರಾತ್ರಿ ಬಿಟ್ಟೆ. 4 ಜಿಬಿಯ ಡಬ್ಬಿಗೆ ಒಂಬತ್ತು ರಾತ್ರಿ. 15 ಜಿಬಿ ಇದ್ದವರಿಗೆ ‘ಮ್ಯಾಕ್ಸ್‌ಏಜ್ 365’ ಕೊಟ್ಟು ಹಿಂದಿನ ಒಂದು ವರ್ಷದ್ದನ್ನಷ್ಟೇ ಮೊದಲು ಸಾಗಿಸಿದೆ, ಅದಕ್ಕೂ ಹಳೆಯದು ಎಲ್ಲರೂ ಗೂಗಲ್‌ಗೆ ಬದಲಾದ ಮೇಲೆ ನಿಧಾನಕ್ಕೆ ಬಂತು. ಎಣಿಕೆ ತಾಳೆಯಾಗದಿದ್ದರೆ ಗಾಬರಿ ಬೇಡ: ಮೂರು ಫೋಲ್ಡರ್‌ನಲ್ಲಿದ್ದ ಒಂದೇ ಮೇಲ್ ಜಿಮೇಲ್‌ನಲ್ಲಿ ಮೂರು ಲೇಬಲ್ ಹೊತ್ತ ಒಂದೇ ಮೇಲ್. ಫೋಲ್ಡರ್ ಹೆಸರುಗಳನ್ನು ದಾರಿಗೆ ತಂದ ರೆಜೆಕ್ಸ್ (ಪಠ್ಯ ಹುಡುಕಿ ಬದಲಿಸುವ ಸೂತ್ರ) ಮಾತ್ರ ನನ್ನ ಹತ್ತಿರವೇ ಇರಲಿ, ಅದಕ್ಕೆ ಎರಡು ಭಾನುವಾರ ತೆತ್ತಿದ್ದೇನೆ.

ಔಟ್‌ಲುಕ್‌ನಲ್ಲಿ ಪಾಪ್3 (ಮೇಲನ್ನು ಸ್ವಂತ ಕಂಪ್ಯೂಟರಿಗೆ ಇಳಿಸಿಕೊಳ್ಳುವ ವಿಧಾನ) ಹಾಕಿಕೊಂಡಿದ್ದ ಹನ್ನೊಂದು ಜನರ ಹಳೇ ಮೇಲ್ ಸರ್ವರ್‌ನಲ್ಲೇ ಇರಲಿಲ್ಲ. ಔಟ್‌ಲುಕ್ ಮೇಲ್ ಕೂಡಿಡುವ ಅವರ ಪಿಎಸ್‌ಟಿ ಕಡತಗಳನ್ನು ಸ್ಕ್ಯಾನ್‌ಪಿಎಸ್‌ಟಿಯಲ್ಲಿ ರಿಪೇರಿ ಮಾಡಿ, ಗೂಗಲ್‌ನ ಔಟ್‌ಲುಕ್ ವಲಸೆ ಸಾಧನದಲ್ಲಿ ಏರಿಸಿದ್ದಾಯಿತು. ಯಾರು ಪಾಪ್3 ಬಳಸುತ್ತಿದ್ದಾರೆಂದು ಮೊದಲೇ ಕೇಳಿಕೊಳ್ಳಿ.

ನಮ್ಮ ಮೇಲ್ ಯಾವ ಸರ್ವರ್‌ಗೆ ಬರಬೇಕೆಂದು ಹೇಳುವ ಎಂಎಕ್ಸ್ ದಾಖಲೆಯ ಟಿಟಿಎಲ್ (ಆ ಉತ್ತರವನ್ನು ಬೇರೆಯವರು ನೆನಪಿಡುವ ಅವಧಿ) ಅನ್ನು ಗುರುವಾರವೇ 86400 ಸೆಕೆಂಡಿನಿಂದ 300ಕ್ಕೆ ಇಳಿಸಿ, ಶನಿವಾರ ಸಂಜೆ ಎಂಎಕ್ಸ್ ಬದಲಿಸಿದೆ. ಹಳೇ ಸರ್ವರ್ ಚಾಲೂ ಇತ್ತು. ದಾರಿ ತಪ್ಪಿ ಅಲ್ಲಿಗೆ ಬಂದದ್ದನ್ನು ಐಮ್ಯಾಪ್‌ಸಿಂಕ್‌ನ ಕೊನೆಯ ಸುತ್ತುಗಳು ಎತ್ತಿಕೊಂಡವು. ಸೋಮವಾರ ಗಿರಾಕಿಗಳಿಗೆ ಹೋದ ಕೋಟೇಶನ್‌ಗಳೆಲ್ಲ ಸ್ಪ್ಯಾಮ್‌ಗೆ ಬಿದ್ದವು. ತಪ್ಪು ನನ್ನದೇ: ನಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದೆಂದು ಸಾರುವ ಹಳೇ ಎಸ್‌ಪಿಎಫ್ ದಾಖಲೆಯನ್ನು ಅಳಿಸದೆ ಹೊಸದನ್ನು ಸೇರಿಸಿದ್ದೆ. ಎರಡು ಎಸ್‌ಪಿಎಫ್ ಇದ್ದರೆ ಪರ್ಮ್‌ಎರರ್, ಎರಡೂ ಲೆಕ್ಕಕ್ಕಿಲ್ಲ. ಕಳಿಸುವ ಮೇಲ್‌ಗೆ ಡಿಜಿಟಲ್ ಸಹಿ ಹಾಕುವ ಡಿಕಿಮ್‌ನ 2048 ಬಿಟ್ ಕೀಲಿಯೂ ಕೈಕೊಟ್ಟಿತು. ಅದನ್ನು ಇಡುವ ಡಿಎನ್‌ಎಸ್‌ನ (ಡೊಮೈನ್ ವಿಳಾಸಗಳ ಕೋಶ) ಟಿಎಕ್ಸ್‌ಟಿ ದಾಖಲೆಯ ಒಂದು ತುಂಡಿಗೆ 255 ಅಕ್ಷರವೇ ಗರಿಷ್ಠ. ಡಿಎನ್‌ಎಸ್ ಪ್ಯಾನೆಲ್ ಬಾಲ ಕತ್ತರಿಸಿ ಸುಮ್ಮನಿತ್ತು. ಕೀಲಿಯನ್ನು ಎರಡು ತುಂಡು ಮಾಡಿ, ಪ್ರತಿ ತುಂಡನ್ನೂ ಬೇರೆಬೇರೆ ಉದ್ಧರಣ ಚಿಹ್ನೆಗಳೊಳಗೆ ಹಾಕಿ, ಡಿಎನ್‌ಎಸ್ ಕೇಳುವ ಡಿಗ್ ಆಜ್ಞೆಯಲ್ಲಿ ಬಾಲದವರೆಗೂ ಓದಿ ನೋಡಿ.

ಇದಕ್ಕಿಂತ ಕಳ್ಳ ದೋಷ ಇನ್ನೊಂದಿತ್ತು. ಇಆರ್‌ಪಿ (ಕಾರ್ಖಾನೆಯ ವ್ಯವಹಾರ ನೋಡಿಕೊಳ್ಳುವ ತಂತ್ರಾಂಶ) ಇನ್ನೂ ಹಳೇ ಸರ್ವರ್ ಮೂಲಕವೇ ಮೇಲ್ ಕಳಿಸುತ್ತಿತ್ತು. ನಮ್ಮ ಡೊಮೈನ್ ತನ್ನದೇ ಎಂದುಕೊಂಡ ಜಿಂಬ್ರಾ ಆ ಮೇಲ್‌ಗಳನ್ನು ಗೂಗಲ್‌ಗೆ ಕೊಡದೆ ಒಳಗೇ ಇಟ್ಟುಕೊಂಡಿತು. ಬೌನ್ಸ್ ಇಲ್ಲ, ದೂರಿಲ್ಲ. ಸ್ಟೋರ್ಸ್‌ನವರು ಇಂಡೆಂಟ್ ಬಂದಿಲ್ಲ ಎಂದಾಗಲೇ ಗೊತ್ತಾದದ್ದು. ಪ್ರತಿ ಖಾತೆಯ ‘ಜಿಂಬ್ರಾ‌ಮೇಲ್‌ಟ್ರಾನ್ಸ್‌ಪೋರ್ಟ್’ (ಮೇಲನ್ನು ಎಲ್ಲಿಗೆ ಒಪ್ಪಿಸಬೇಕೆಂಬ ಸೆಟ್ಟಿಂಗ್) ಅನ್ನು ಗೂಗಲ್‌ನ ಎಂಎಕ್ಸ್ ಕಡೆ ತಿರುಗಿಸಿದ ಮೇಲೆ ಸರಿಹೋಯಿತು. ಇದನ್ನು ಕೊನೆಯ ಸುತ್ತು ಮುಗಿದ ಮೇಲಲ್ಲ, ಎಂಎಕ್ಸ್ ಬದಲಿಸಿದ ಗಳಿಗೆಯಲ್ಲೇ ಮಾಡಿ.

ನಡುವೆ ಒಂದು ಹುಚ್ಚಾಟವನ್ನೂ ಆಡಿ ನೋಡಿದೆ: ಆಫೀಸಿನವರು ಗೂಗಲ್‌ನಲ್ಲಿ, ಶಾಪ್‌ಫ್ಲೋರ್‌ನವರು ಜಿಂಬ್ರಾದಲ್ಲಿ, ಸ್ಪ್ಲಿಟ್ ಡೆಲಿವರಿ. ಇಪ್ಪತ್ತು ಲೈಸೆನ್ಸ್ ಉಳಿಯುತ್ತಿತ್ತು. ಆದರೆ ಎರಡು ವಿಳಾಸಪಟ್ಟಿ, ಒಬ್ಬರ ಕ್ಯಾಲೆಂಡರ್ ಇನ್ನೊಬ್ಬರಿಗೆ ಕಾಣದು, ಮೇಲೆ ಆ ಸರ್ವರನ್ನೂ ಸಾಕಬೇಕು. ಹತ್ತೇ ದಿನಕ್ಕೆ ಕೈಬಿಟ್ಟೆ.

ಕೊನೆಗೆ ಉಳಿದದ್ದು ಸ್ಕ್ಯಾನರ್‌ಗಳು. ಸ್ಕ್ಯಾನ್ ಮಾಡಿದ್ದನ್ನು ಮೇಲ್ ಮಾಡುವ ಎರಡು ಹಳೇ ಯಂತ್ರಗಳಿಗೆ, ಸಂಪರ್ಕವನ್ನು ಗುಪ್ತವಾಗಿಡುವ ಟಿಎಲ್‌ಎಸ್‌ನ ಹಳೇ 1.0 ಆವೃತ್ತಿ ಬಿಟ್ಟು ಬೇರೆ ಬಾರದು. ಮೂಲೆಯ ಡೆಸ್ಕ್‌ಟಾಪ್ ಒಂದಕ್ಕೆ ಮೇಲ್ ಸಾಗಿಸುವ ಪೋಸ್ಟ್‌ಫಿಕ್ಸ್ ತಂತ್ರಾಂಶ ಹಾಕಿ, ಅವುಗಳ ಮೇಲನ್ನು ಅದು ಪಡೆದು ಗೂಗಲ್‌ನ ಎಸ್‌ಎಂಟಿಪಿ ರಿಲೇಗೆ (ಮೇಲನ್ನು ಮುಂದಕ್ಕೆ ದಾಟಿಸುವ ಸೇವೆ) 587ನೇ ಪೋರ್ಟ್‌ನಲ್ಲಿ ಕಳಿಸುವಂತೆ ಮಾಡಿದ್ದೇನೆ. ನಾನಿಟ್ಟಿರುವ ಸೆಟ್ಟಿಂಗ್‌ನಲ್ಲಿ ರಿಲೇ ನಮ್ಮನ್ನು ಗುರುತಿಸುವುದು ಐಪಿಯಿಂದ. ಹೀಗಾಗಿ ಸ್ಟ್ಯಾಟಿಕ್ ಐಪಿಯ ಬಾಡಿಗೆಯನ್ನು ಈಗಲೂ ಕಟ್ಟುತ್ತಿದ್ದೇವೆ, ಎರಡು ಸ್ಕ್ಯಾನರ್‌ಗಳ ಸಲುವಾಗಿ.