ಓದಿದ ಕಾದಂಬರಿಯ ಬಗ್ಗೆ ನಾಲ್ಕು ಸಾಲು ಬರೆದಿಡುವುದು ಹೇಗೆ?

ಕಾದಂಬರಿಯೊಂದನ್ನು ಮುಗಿಸಿದ ಒಂದೆರಡು ದಿನಗಳೊಳಗೆ, ಬೇರೆಯವರ ವಿಮರ್ಶೆಯನ್ನಾಗಲಿ ಬೆನ್ನುಡಿಯನ್ನಾಗಲಿ ನೋಡುವ ಮೊದಲೇ, ಮನಸ್ಸಿನಲ್ಲಿ ಉಳಿದ ಒಂದು ದೃಶ್ಯವನ್ನು ಪುಸ್ತಕ ತೆರೆಯದೆ ಬರೆದುಕೊಳ್ಳಿ. ಕಥಾಸಾರ ಬೇಡ, ಅದು ಎಲ್ಲಿ ಬೇಕಾದರೂ ಸಿಗುತ್ತದೆ. ಇತ್ತೀಚೆಗೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿದಾಗ ನನ್ನಲ್ಲಿ ಉಳಿದದ್ದು ಮಸಾಲೆ ವ್ಯಾಪಾರದಿಂದ ಬಂದ ಸಿರಿತನವಲ್ಲ, ಹಳೆಯ ಮನೆಯಲ್ಲಿ ಇರುವೆಗಳ ಮೇಲೆ ಆ ಕುಟುಂಬ ಸಾರಿದ ಯುದ್ಧ. ‘ಚೆನ್ನಾಗಿದೆ’ ಎಂದಷ್ಟೇ ಬರೆದಿದ್ದರೆ ಆ ಮಾತಿಗೆ ಬೆಲೆಯಿರುತ್ತಿರಲಿಲ್ಲ. ಇರುವೆ ಕೊಲ್ಲುವುದರಲ್ಲಿ ಅವರಿಗೆ ಸಿಗುವ ಖುಷಿಯನ್ನು ಓದುತ್ತ ನಾನೂ ಒಳಗೊಳಗೇ ನಕ್ಕಿದ್ದೆ, ಮುಂದೆ ಅದೇ ನಗು ಗಂಟಲಲ್ಲಿ ಸಿಕ್ಕಿಕೊಂಡಿತು ಎಂದು ಬರೆದಾಗಲೇ ನನ್ನ ಪ್ರತಿಕ್ರಿಯೆ ಏನೆಂಬುದು ನನಗೇ ತಿಳಿದದ್ದು.

ಬೇಸರವಾದರೆ ಅದನ್ನೂ ಮುಚ್ಚಿಡಬೇಡಿ, ಆದರೆ ಎಲ್ಲಿ, ಯಾಕೆ ಎಂಬುದನ್ನು ಹೇಳಿ. 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದುವಾಗ ಹೆಸರುಗಳ, ಮನೆತನಗಳ ಗೊಂದಲದಿಂದ ನಾನು ಎರಡು ಸಲ ಕೈಬಿಟ್ಟಿದ್ದೆ. ಮೂರನೆಯ ಸಲ ಯಾರು ಯಾವ ಮನೆಯವರೆಂದು ಒಂದು ಹಾಳೆಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಂಡ ಮೇಲೆ, ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ಸಲೀಸಾಗಿ ನಡೆದೆ. ದೋಷ ಕಾದಂಬರಿಯದೋ ನಿಮ್ಮ ತಾಳ್ಮೆಯದೋ ಎಂದು ಹೀಗೆ ಬಿಡಿಸಿ ನೋಡಿ.

ಇತರರಿಗೂ ಓದಲು ಕೊಡುವುದಾದರೆ ಮುಕ್ತಾಯವನ್ನು ಮಾತ್ರ ಬಯಲು ಮಾಡಬೇಡಿ. ನಕ್ಷತ್ರಗಳ ಅಂಕ ಕೊಡುವುದು ನಿಮ್ಮಿಷ್ಟ, ನಾನಂತೂ ಕೊಡುವುದಿಲ್ಲ. ಹಾಳೆಯ ಮೂಲೆಯಲ್ಲಿ ತಾರೀಖು ಹಾಕಿ, ಮರುಓದಿನ ಟಿಪ್ಪಣಿಗೆಂದು ಅರ್ಧ ಪುಟ ಖಾಲಿ ಬಿಡಿ.