ಜಡಿಮಳೆಯ ದಿನಗಳ ಜಡಕ್ಕೆ ನಾನು ಮಾಡುವುದು

ಅಡಿಕೆಗೆ ಕೊಳೆರೋಗ ಬಾರದಂತೆ ಮೊದಲ ಸುತ್ತು ಬೋರ್ಡೊ ದ್ರಾವಣ ಹೊಡೆದಾದ ಮೇಲೆ ಎರಡನೆಯದಕ್ಕೆ 40–45 ದಿನ. ಮಲೆನಾಡಿನಲ್ಲಿ ಮೈ ಏಳದೆ ಹೋಗುವುದು ಈ ನಡುವೆಯೇ. ಕಾಳುಮೆಣಸು ಹಸನಾಗಬೇಕು, ಕೂಲಿ ಲೆಕ್ಕ ಬಾಕಿ, ಆದರೆ ಯಾವುದಕ್ಕೂ ಮನಸ್ಸಿಲ್ಲ. ಮನಸ್ಸು ಬರಲಿ ಎಂದು ಕಾಯುವುದನ್ನು ನಾನು ಬಿಟ್ಟಿದ್ದೇನೆ. ಕೈ ಹಚ್ಚಿದ ಮೇಲೇ ಅದು ಬರುವುದು.

ಮೊದಲು ಸರಿಮಾಡಿದ್ದು ಬೆಳಕನ್ನು. ಹಂಚಿನ ಮನೆಯ ಒಳಗೆ ಮಳೆಗಾಲದ ಹಗಲಲ್ಲೂ 100 ಲಕ್ಸ್ (ಬೆಳಕಿನ ಅಳತೆ) ಸಿಗುವುದು ಕಷ್ಟ. ಮೋಡ ಮುಚ್ಚಿದ ಅಂಗಳದಲ್ಲಿ ಸಾವಿರಕ್ಕೂ ಹೆಚ್ಚಿರುತ್ತದೆ. ಒಳಗೇ ಕೂತರೆ ಬೆಳಗಾದದ್ದು ದೇಹಕ್ಕೆ ತಿಳಿಯುವುದಿಲ್ಲ. ಆರಕ್ಕೆ ಎದ್ದು, ಏಳರಿಂದ ಅರ್ಧ ಗಂಟೆ ಜಗಲಿಯ ಅಂಚಿನಲ್ಲಿ ಅಂಗಳಕ್ಕೆ ಮುಖಮಾಡಿ ಕೂರುತ್ತೇನೆ. ಮಧ್ಯಾಹ್ನದ ನಿದ್ದೆ ಅಲಾರಾಂ ಇಟ್ಟು 20 ನಿಮಿಷ. ಗಂಟೆಗಟ್ಟಲೆ ಮಲಗಿದರೆ ಗಾಢನಿದ್ದೆಯಿಂದ ಏಳಬೇಕಾಗಿ ತಲೆ ಇನ್ನಷ್ಟು ಭಾರ. ಮೂರರ ನಂತರ ಕಾಫಿ ಇಲ್ಲ.

ಇನ್ನು ಕೆಲಸ. ರಾತ್ರಿಯೇ ಒಂದು ಚೀಟಿಯಲ್ಲಿ ಒಂದೇ ಕೆಲಸ ಬರೆದು, ಬೇಕಾದ ಸಾಮಾನನ್ನು ಜಗಲಿಗೆ ತಂದಿಡಬೇಕು. ‘ಮೆಣಸು ಹಸನು ಮಾಡುವುದು’ ಎಂದು ಬರೆದರೆ ಆಗುವುದಿಲ್ಲ, ‘ಒಂದು ಗೆರಸೆ ಮೆಣಸು ಕೇರುವುದು’ ಎಂದೇ ಬರೆಯಬೇಕು. ‘ಲೆಕ್ಕ’ ಅಲ್ಲ, ‘ಏಪ್ರಿಲ್ ತಿಂಗಳ ಕೂಲಿ’. ಮೊಬೈಲು ನಾಗಂದಿಗೆಯ ಮೇಲೆ. ಹತ್ತು ನಿಮಿಷ ಮಾಡಿ ಬೇಡವೆನಿಸಿದರೆ ನಿಜವಾಗಿಯೂ ಎದ್ದುಬಿಡಬೇಕು. ಎದ್ದೇಳಲು ಬಿಡದಿದ್ದರೆ ಮರುದಿನ ಮನಸ್ಸು ಈ ಒಪ್ಪಂದವನ್ನು ನಂಬುವುದಿಲ್ಲ. ಮಾಡಿದ ನಿಮಿಷಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ, ಎಂಟಾದರೆ ಎಂಟೇ.

ಕೆಡುವುದು ಸಾಮಾನ್ಯವಾಗಿ ನಾಲ್ಕನೇ ದಿನ. ಹುರುಪು ಬಂದಿತೆಂದು ಚೀಟಿಯಲ್ಲಿ ಆರು ಕೆಲಸ ತುಂಬುತ್ತೇವೆ, ಬೆಳಿಗ್ಗೆ ಅದನ್ನು ನೋಡಿಯೇ ಮೈ ಕುಸಿಯುತ್ತದೆ. ಹುರುಪು ಬಂದರೂ ಎರಡು ವಾರದವರೆಗೆ ಎರಡು ಕೆಲಸಕ್ಕಿಂತ ಹೆಚ್ಚು ಬೇಡ. ತಪ್ಪಿದ ದಿನದ ಚೀಟಿಯನ್ನು ಹರಿದು ಒಲೆಗೆ ಹಾಕಬೇಕು. ಬಾಕಿ ಸೇರಿಸುತ್ತಾ ಹೋದರೆ ಅದೊಂದು ಸಾಲವಾಗುತ್ತದೆ. ತೀರಾ ಬೇಸರದ ಕೆಲಸಕ್ಕೆ ಮುಯ್ಯಾಳೇ ಸರಿ: ಇವತ್ತು ನಮ್ಮ ಮೆಣಸಿಗೆ ಪಕ್ಕದ ಮನೆಯವರು, ನಾಳೆ ಅವರದ್ದಕ್ಕೆ ನಾವು. ಮಾತಿನ ನಡುವೆ ಎರಡು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಇಷ್ಟು ಮಾಡಿಯೂ ಎರಡು ವಾರ ಯಾವುದರಲ್ಲೂ ರುಚಿಯಿಲ್ಲ, ಊಟ ನಿದ್ದೆ ಕೆಟ್ಟಿದೆ ಎಂದಾದರೆ ಅದನ್ನು ಆಲಸ್ಯವೆಂದು ಬೈದುಕೊಳ್ಳಬೇಡಿ. ವೈದ್ಯರನ್ನು ಕಂಡು ಹಿಮೋಗ್ಲೋಬಿನ್, ಥೈರಾಯ್ಡ್, ಸಸ್ಯಾಹಾರಿಗಳಾದರೆ ಬಿ12 ಕೂಡ ಪರೀಕ್ಷಿಸಿಕೊಳ್ಳಿ. ಮಳೆಯಲ್ಲಿ ಪೇಟೆಗೆ ಹೋಗಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.