ಹಳೇ ಕೋವಿ ಕೊಳ್ಳೋ ಮುಂಚೆ ನಳಿಗೆಯೊಳಗೆ ಇಣುಕಿ ನೋಡಿ

ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಕಡೆಯ ಹಳೇ ತೋಟದ ಮನೆಗಳಲ್ಲಿ ಇಂಗ್ಲಿಷರ ಕಾಲದ ಜೋಡುನಳಿಗೆ ಕೋವಿಗಳು ಇವತ್ತಿಗೂ ಇವೆ. ವೆಬ್ಲಿ ಆ್ಯಂಡ್ ಸ್ಕಾಟ್, ಗ್ರೀನರ್, ಹೆಸರೇ ಕೇಳಿರದ ಬೆಲ್ಜಿಯಂ ಕಂಪನಿಗಳು, ಹೀಗೆ. 1980ರ ದಶಕದ ಮಧ್ಯದಲ್ಲಿ ಸಾಮಾನ್ಯ ಜನರಿಗೆ ಕೋವಿ ಆಮದು ಮಾಡಿಕೊಳ್ಳುವ ದಾರಿ ಮುಚ್ಚಿತು. ಅಂದಿನಿಂದ ವಿದೇಶಿ ಕೋವಿ ಅಂದರೆ ಬೆಲೆ ಆಕಾಶಕ್ಕೆ. ಆ ಬೆಲೆ ಹೆಸರಿನದ್ದು, ಚಿತ್ತಾರದ್ದು. ಆದರೆ ಗುಂಡು ಸಿಡಿಯುವುದು ಹೆಸರಿನಿಂದಲ್ಲ, ನಳಿಗೆಯಿಂದ ಅಲ್ವಾ? ನೂರು ವರ್ಷದ ಸುಂದರ ಕೋವಿಗಿಂತ ಪಶ್ಚಿಮ ಬಂಗಾಳದ ಈಷಾಪುರದ ಸರ್ಕಾರಿ ಕಾರ್ಖಾನೆಯ ಒರಟು ಕೋವಿ ಎಷ್ಟೋ ಸಲ ಒಳ್ಳೆಯದು.

ಮೊದಲು ಕಾಗದ

ಲೈಸೆನ್ಸ್ ಕೈಗೆ ಬರುವ ಮುಂಚೆ ಕೋವಿ ನೋಡಲು ಹೋಗಬೇಡಿ, ಮುಂಗಡವನ್ನೂ ಕೊಡಬೇಡಿ. 21 ವರ್ಷ ತುಂಬಿರಬೇಕು. ಅರ್ಜಿ ಜಿಲ್ಲಾಧಿಕಾರಿಗೆ, ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಕಮಿಷನರಿಗೆ. ಪೊಲೀಸ್ ವಿಚಾರಣೆ ಆಗುತ್ತದೆ, ತಡವೂ ಆಗುತ್ತದೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿ ನಂತರ ಲೈಸೆನ್ಸ್ ಅವಧಿ 5 ವರ್ಷ. ಒಬ್ಬರ ಬಳಿ ಇರಬಹುದಾದ ಕೋವಿ ಮೂರರಿಂದ ಎರಡಕ್ಕೆ ಇಳಿದಿದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಇದೆ. ಅದಕ್ಕೂ ಜಿಲ್ಲಾಡಳಿತದ ವಿನಾಯಿತಿ ಪತ್ರ ಬೇಕು.

ಅಂಗಡಿಯಿಂದ ಕೊಂಡರೆ ಬಹಳಷ್ಟು ಕಾಗದದ ಕೆಲಸ ಅವರೇ ಹೇಳಿಕೊಡುತ್ತಾರೆ. ಅಂಗಡಿ ಇಲ್ಲದೆ ಒಬ್ಬರಿಂದ ಒಬ್ಬರು ನೇರವಾಗಿ ಕೊಳ್ಳುವಾಗಲೇ ಜನ ಎಡವುವುದು. ಮಾರುವವರು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಬೇಕು, ಆಮೇಲೆ 45 ದಿನ ಕಾಯಬೇಕು. ಕಾಫಿ ಕುಡಿದು, ದುಡ್ಡು ಕೊಟ್ಟು, ಕೋವಿ ಜೀಪಲ್ಲಿ ಹಾಕಿಕೊಂಡು ಬರುವ ಹಾಗಿಲ್ಲ. ಮಾರುವವರು ನೆಂಟರೇ ಆಗಿದ್ದರೂ ಅಷ್ಟೇ.

ಕೋವಿಯ ಮೇಲಿನ ನಂಬರು ಮಾರುವವರ ಲೈಸೆನ್ಸಿನಲ್ಲಿರುವ ನಂಬರಿಗೆ ಅಕ್ಷರಶಃ ತಾಳೆಯಾಗಬೇಕು. ನಂಬರು ಉಜ್ಜಿದ ಹಾಗಿದ್ದರೆ, ಮೇಲೆ ಹೊಸದಾಗಿ ಕೊರೆದ ಹಾಗಿದ್ದರೆ, ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ಕೈಗೆ ತಗೊಂಡ ಮೇಲೆ

ಮೂತಿ ಯಾರ ಕಡೆಗೂ ಇರದಂತೆ ಹಿಡಿದು, ಮೇಲಿನ ಲಿವರ್ ತಳ್ಳಿ, ಕೋವಿ ಮಡಚಿ. ಎರಡೂ ನಳಿಗೆ ಖಾಲಿಯೇ? ಮಾಲೀಕರು "ಖಾಲಿ ಇದೆ ಕಣ್ರೀ" ಅಂದರೂ ನೀವೇ ನೋಡಿ. ಇದರಿಂದ ಯಾರಿಗೂ ಬೇಜಾರಾಗುವುದಿಲ್ಲ. ಬೇಜಾರಾದರೆ ಅವರಿಂದ ಕೋವಿ ಕೊಳ್ಳದಿರುವುದೇ ವಾಸಿ.

ಮುಂದಿನ ಮರದ ತುಂಡನ್ನು ಬಿಚ್ಚಿ, ನಳಿಗೆಯನ್ನು ಬೇರೆ ಮಾಡಿ. ಒಳಗಿರುವ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಎಣ್ಣೆ ಬಳಿದ ನಳಿಗೆ ಎಲ್ಲವೂ ಹೊಳೆಯುತ್ತದೆ, ಅದು ಮಾರುವವರಿಗೂ ಗೊತ್ತು. ಈಗ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಬೆಳಕು ಗೋಡೆಯ ಉದ್ದಕ್ಕೂ ನೇರ ಗೆರೆಯಾಗಿ ಓಡಬೇಕು. ಎಲ್ಲಾದರೂ ಕಪ್ಪು ಉಂಗುರ ಕಂಡರೆ ಅಲ್ಲಿ ನಳಿಗೆ ಉಬ್ಬಿದೆ ಅಂತ ಅರ್ಥ. ಒಳಗೆ ಮಣ್ಣೋ ಚಿಂದಿಯೋ ಸಿಕ್ಕಿಕೊಂಡಿದ್ದಾಗ ಯಾರೋ ಈಡು ಹೊಡೆದಿರುತ್ತಾರೆ. ಅಂಥ ಕೋವಿ ವಾಪಸ್ ಕೊಟ್ಟುಬಿಡಿ. ಚುಕ್ಕಿ ಚುಕ್ಕಿ ತುಕ್ಕಿನ ಗುಳಿ ಮೂತಿಯ ಹತ್ತಿರ ಸ್ವಲ್ಪ ಇದ್ದರೆ ಪರವಾಗಿಲ್ಲ. ತೋಟಾ ಕೂರುವ ಜಾಗದ ಮುಂದೆ, ಒತ್ತಡ ಜಾಸ್ತಿ ಇರುವಲ್ಲಿ, ಆಳವಾದ ಗುಳಿ ಇದ್ದರೆ ಬೇಡ.

ಆಮೇಲೆ ನಳಿಗೆಯ ಅಡಿಯ ಕೊಕ್ಕೆಯಲ್ಲಿ ಬೆರಳು ಹಾಕಿ ತೂಗುಬಿಡಿ. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ. ಬೆಸುಗೆ ಗಟ್ಟಿ ಇದ್ದರೆ ದೇವಸ್ಥಾನದ ಗಂಟೆಯ ಹಾಗೆ ನಾದ ಉಳಿಯುತ್ತದೆ. ಗರಗರ ಅಂದರೆ ಎರಡು ನಳಿಗೆಗಳ ನಡುವಿನ ಪಟ್ಟಿ ಎಲ್ಲೋ ಬಿಟ್ಟಿದೆ.

ಮೂತಿಯನ್ನೂ ಎದುರಿನಿಂದ ನೋಡಿ. ಎರಡು ನಳಿಗೆಗಳು ಅಲ್ಲಿ ಒಂದಕ್ಕೊಂದು ತಾಗಿರಬೇಕು. ನಡುವೆ ಸಂದು ಇದ್ದು ಸೀಸ ತುಂಬಿದ್ದರೆ ಯಾರೋ ತುದಿ ಕತ್ತರಿಸಿದ್ದಾರೆ. ಚೋಕ್ (ಚರೆ, ಅಂದರೆ ತೋಟಾದ ಸಣ್ಣ ಗುಂಡುಗಳು, ತೀರಾ ಚದುರದಂತೆ ಮೂತಿಯನ್ನು ಕಿರಿದು ಮಾಡಿರುವುದು) ಹೋಯಿತು. ಅಷ್ಟೇ ಅಲ್ಲ, ಅನುಮತಿ ಇಲ್ಲದೆ ನಳಿಗೆ ಮೊಟಕು ಮಾಡುವುದು ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.

ಕೋವಿ ಮತ್ತೆ ಜೋಡಿಸಿ, ಮುಂದಿನ ಮರದ ತುಂಡು ಹಾಕದೆ, ಮುಚ್ಚಿ ಅಲುಗಾಡಿಸಿ ನೋಡಿ. ಕಟಕಟ ಅಂದರೆ ಕೀಲು ಸವೆದಿದೆ. ಮುಚ್ಚಿದಾಗ ಲಿವರ್ ಎಲ್ಲಿ ನಿಲ್ಲುತ್ತದೆ ಅನ್ನುವುದೂ ಒಂದು ಸೂಚನೆ. ಹೊಸ ಕೋವಿಯಲ್ಲಿ ಸ್ವಲ್ಪ ಬಲಕ್ಕೆ, ಸವೆದಂತೆ ನಡುವಿಗೆ, ತೀರಾ ಸವೆದದ್ದರಲ್ಲಿ ಎಡಕ್ಕೆ ದಾಟಿರುತ್ತದೆ. ಹಿಡಿಯ ಮರ ಲೋಹಕ್ಕೆ ಸೇರುವ ಕಡೆ ಕೂದಲೆಳೆಯ ಬಿರುಕು ಇದೆಯಾ ಅಂತ ಉಗುರಿನಿಂದ ಸವರಿ ನೋಡಿ.

ತೋಟಾ ಹೊಂದುತ್ತಾ?

ಹಳೇ ಇಂಗ್ಲಿಷ್ ಕೋವಿಗಳಲ್ಲಿ ಇದೇ ದೊಡ್ಡ ಅಪಾಯ. ಬಹಳಷ್ಟು ಹಳೇ 12 ಬೋರ್ ಕೋವಿಗಳ ತೋಟಾ ಮನೆ ಎರಡೂವರೆ ಇಂಚು, ಅಂದರೆ ಸುಮಾರು 65 ಮಿ.ಮೀ. ಈಗ ಸಾಮಾನ್ಯವಾಗಿ ಸಿಗುವುದು 70 ಮಿ.ಮೀ. ತೋಟಾ. ಅದು ಒಳಗೆ ಹೋಗುತ್ತದೆ, ಕೋವಿ ಮುಚ್ಚುತ್ತದೆ, ಏನೂ ತೊಂದರೆ ಇಲ್ಲ ಅನ್ನಿಸುತ್ತದೆ. ಯಾಕೆಂದರೆ 70 ಅನ್ನುವುದು ಈಡು ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹೊಡೆಯುವ ಮುಂಚೆ ಮಡಿಚಿದ ಬಾಯಿಯಿಂದ ಅದು ಗಿಡ್ಡವಾಗಿರುತ್ತದೆ. ಈಡು ಹೊಡೆದಾಗ ಮಡಿಕೆ ಬಿಚ್ಚಲು ಜಾಗ ಸಾಲದೆ, ಕಿರಿದಾದ ದಾರಿಯಲ್ಲಿ ಸಿಕ್ಕಿಕೊಂಡು, ಒತ್ತಡ ಏರುತ್ತದೆ. "ಒಳಗೆ ಕೂರುತ್ತೆ" ಅನ್ನುವುದು ಉತ್ತರವೇ ಅಲ್ಲ. ಅಳತೆ ತೆಗೆಸಿ.

ನಳಿಗೆಯ ಅಡಿಯಲ್ಲಿ, ಕೋವಿ ಮಡಚಿದಾಗ ಕಾಣುವ ಚಪ್ಪಟೆ ಜಾಗದಲ್ಲಿ, ಪರೀಕ್ಷೆಯ ಮುದ್ರೆಗಳಿರುತ್ತವೆ. ಇಂಗ್ಲಿಷ್ ಕೋವಿಯಲ್ಲಿ ಕಿರೀಟದ ಕೆಳಗೆ ಎನ್‌ಪಿ ಅಕ್ಷರ ಅಥವಾ ನೈಟ್ರೋ ಪ್ರೂಫ್ ಅಂತ ಇದ್ದರೆ ಹೊಗೆರಹಿತ ಮದ್ದಿಗೆ, ಅಂದರೆ ಇವತ್ತಿನ ತೋಟಾದ ಮದ್ದಿಗೆ, ಪರೀಕ್ಷೆ ಆಗಿದೆ ಅಂತ. ಮೊಟ್ಟೆಯಾಕಾರದ ಗೆರೆಯೊಳಗೆ ಇಎಲ್‌ಜಿ ಅಂತಿದ್ದರೆ ಬೆಲ್ಜಿಯಂನ ಲೀಜ್ ಊರಿನದ್ದು. ನಳಿಗೆಯ ಮೇಲೆ ಸುರುಳಿ ಸುರುಳಿ ಗೆರೆಯ ನಕ್ಷೆ ಕಂಡರೆ ಅದು ಡಮಾಸ್ಕಸ್. ನೋಡಲು ಚೆಂದ. ಅದರ ಬಹುಪಾಲು ಕರಿಮದ್ದಿನ ಕಾಲದ್ದು. ಗೋಡೆಗೆ ಸರಿ, ಇವತ್ತಿನ ತೋಟಾಕ್ಕೆ ಬೇಡ.

ಇಷ್ಟೆಲ್ಲ ಸರಿ ಇದ್ದರೂ ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸದೆ ಹಳೇ ಕೋವಿ ಕೊಳ್ಳಬೇಡಿ. ನಳಿಗೆಯ ದಪ್ಪ ಅಳೆಯಲು ಅವರ ಉಪಕರಣವೇ ಬೇಕು. ಅವರಿಗೆ ಕೊಡುವ ದುಡ್ಡು ಉಳಿಸಿ ಪ್ರಯೋಜನವಿಲ್ಲ.

ಹೊಸದಾದರೆ ಇಷ್ಟು ತಲೆನೋವಿಲ್ಲ. ಈಷಾಪುರದ ಜೋಡುನಳಿಗೆ, ತಿರುಚ್ಚಿ ಕಾರ್ಖಾನೆಯ ಪಂಪ್ ಆ್ಯಕ್ಷನ್, ಜಮ್ಮು, ಮುಂಗೇರ್ ಕಡೆಯ ಖಾಸಗಿ ತಯಾರಕರದ್ದು ಸಿಗುತ್ತವೆ. ಮರದ ಕೆಲಸ ಒರಟು. ಒಂದೇ ಮಾದರಿಯ ಮೂರ್ನಾಲ್ಕು ಕೋವಿ ತೆಗೆಸಿ, ಭುಜಕ್ಕೆ ಹಿಡಿದು, ಹಗುರಾಗಿ ಮುಚ್ಚುವುದನ್ನು ಆರಿಸಿ. ಅಂಗಡಿಯವರು ಗೊಣಗಿದರೆ ಗೊಣಗಲಿ.

ಈಡಿಗೆ ಸಜ್ಜು ಮಾಡುವುದು

ಹೊಸ ಕೋವಿಗೆ ತುಕ್ಕು ಹಿಡಿಯದಿರಲಿ ಅಂತ ಗ್ರೀಸ್ ಮೆತ್ತಿರುತ್ತಾರೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಕೋಲಿಗೆ ಸುತ್ತಿ, ತೋಟಾ ಹಾಕುವ ಕಡೆಯಿಂದ ಮೂತಿಯ ಕಡೆಗೆ ತಳ್ಳಿ. ಬಟ್ಟೆ ಬಿಳಿಯಾಗಿ ಬರುವವರೆಗೂ ಮಾಡಿ. ಕೀಲಿಗೆ ಒಂದು ಹನಿ ಎಣ್ಣೆ ಸಾಕು. ಜಾಸ್ತಿ ಹಾಕಿದರೆ ಮರ ಕುಡಿದು ಮೆತ್ತಗಾಗುತ್ತದೆ.

ಮೊದಲ ಈಡು ಲೈಸೆನ್ಸ್ ಇರುವ ರೈಫಲ್ ಕ್ಲಬ್ಬಿನ ರೇಂಜಿನಲ್ಲಿ ಆಗಲಿ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. 40 ಗಜ, ಅಂದರೆ ಸುಮಾರು 37 ಮೀಟರ್ ದೂರದಲ್ಲಿ ದೊಡ್ಡ ಹಾಳೆ ಕಟ್ಟಿ, ನಡುವೆ ಒಂದು ಕಪ್ಪು ಚುಕ್ಕಿ ಇಡಿ. ಒಂದು ಹಾಳೆಗೆ ಒಂದು ನಳಿಗೆಯಿಂದ ಒಂದೇ ಈಡು. ಚರೆ ಹೆಚ್ಚು ಬಿದ್ದ ಕಡೆಯನ್ನು ನಡು ಅಂದುಕೊಂಡು 75 ಸೆಂ.ಮೀ. ಅಗಲದ ವೃತ್ತ ಎಳೆದು ತೂತುಗಳನ್ನು ಎಣಿಸಿ. ತೋಟಾದ ಒಟ್ಟು ಚರೆಯಲ್ಲಿ ನೂರಕ್ಕೆ ಸುಮಾರು 70 ಪಾಲು ಒಳಗಿದ್ದರೆ ಅದು ಫುಲ್ ಚೋಕ್, 40ರ ಹತ್ತಿರವಿದ್ದರೆ ಚೋಕೇ ಇಲ್ಲ. ಸಾಮಾನ್ಯವಾಗಿ ಬಲನಳಿಗೆ ಅಗಲಕ್ಕೆ ಹರಡುತ್ತದೆ, ಎಡನಳಿಗೆ ಬಿಗಿ. ವೃತ್ತದ ನಡು ನಿಮ್ಮ ಕಪ್ಪು ಚುಕ್ಕಿಯಿಂದ ಪ್ರತಿ ಸಲ ಒಂದೇ ಕಡೆಗೆ ಸರಿದಿದ್ದರೆ ಹಿಡಿಯ ಉದ್ದ, ಬಾಗು ನಿಮ್ಮ ಮೈಗೆ ಹೊಂದುತ್ತಿಲ್ಲ. ಬಡಗಿ ಕೆಲಸ ಬಲ್ಲ ಕೋವಿಯವರು ಸರಿಮಾಡುತ್ತಾರೆ.

ಚರೆಯ ನಂಬರ್ ಬದಲಾದರೆ ಹರಡುವ ರೀತಿಯೂ ಬದಲಾಗುತ್ತದೆ. ಹಾಗಾಗಿ ಕೊಡವರ ಆಯುಧದ ಹಬ್ಬ ಕೈಲ್‌ಪೋದ್‌ನ ತೆಂಗಿನಕಾಯಿ ಸ್ಪರ್ಧೆಗೆ ಯಾವ ತೋಟಾ ಕೊಡುತ್ತಾರೋ ಅದರಲ್ಲೇ ಅಭ್ಯಾಸ ಮಾಡಿ. ಮದುವೆ ಮನೆಯಲ್ಲಿ ಬೇಕಾಬಿಟ್ಟಿ ಗಾಳಿಯಲ್ಲಿ ಗುಂಡು ಹಾರಿಸಿ ಇತರರ ಜೀವಕ್ಕೆ ಕುತ್ತು ತಂದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಬೀಳಬಹುದು. ತೋಟಕ್ಕೆ ಹಂದಿ ನುಗ್ಗಿದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಈಡು ಹೊಡೆಯುವ ಹಾಗಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಕೋವಿಯನ್ನು ಬಟ್ಟೆಯ ಚೀಲದಲ್ಲಿ ಇಟ್ಟು ಮರೆಯಬೇಡಿ. ಚೀಲ ತೇವ ಹಿಡಿದಿಡುತ್ತದೆ. ಬೀಗ ಹಾಕಿದ ಬೀರುವಿನಲ್ಲಿ ಕೋವಿ, ಬೇರೆ ಕಡೆ ಬೀಗ ಹಾಕಿ ತೋಟಾ. ಚುನಾವಣೆ ಬಂದಾಗ ಠಾಣೆಯಲ್ಲಿ ಇಡಲು ಹೇಳಿದರೆ, ಒಳಗೆ ಹೊರಗೆ ಎಣ್ಣೆ ಸವರಿ ಕೊಡಿ. ರಸೀದಿಯಲ್ಲಿ ನಂಬರಿನ ಜೊತೆಗೆ ಕೋವಿಯ ಸ್ಥಿತಿಯನ್ನೂ ಬರೆಸಿಕೊಳ್ಳಿ. ವಾಪಸ್ ತರುವಾಗ ಅಲ್ಲೇ ಮಡಚಿ, ಬೆಳಕಿಗೆ ಹಿಡಿದು, ನೋಡಿ ಸಹಿ ಹಾಕಿ.